ಬೈಗುಳದ ಫ್ರೇಜಲ್ ವರ್ಬ್‌ಗಳನ್ನು ಕನ್ನಡದ ಮೂಲಕ ಕಲಿಸಿದೆ: ನನ್ನ ಅನುಭವ

ಕ್ರಿಯಾಪದಕ್ಕೆ ‘ಆಫ್’, ‘ಆನ್’, ‘ಇಂಟು’ ಮುಂತಾದ ಕಿರುಪದ ಸೇರಿ ಬೇರೆ ಅರ್ಥ ಕೊಡುವ ಇಂಗ್ಲಿಷ್ ಪದಗುಚ್ಛಗಳೇ ಫ್ರೇಜಲ್ ವರ್ಬ್‌ಗಳು. ದಾಳಿ ಮತ್ತು ಕಟುಟೀಕೆಯನ್ನು ಸೂಚಿಸುವ ಫ್ರೇಜಲ್ ವರ್ಬ್‌ಗಳನ್ನು ಕನ್ನಡ ಕ್ರಿಯಾಪದಗಳ ಜೊತೆಗಿಟ್ಟು ಕಲಿಸುತ್ತೇನೆ ಎಂದಾಗ ನನ್ನ ಸಹೋದ್ಯೋಗಿಗಳಲ್ಲಿ ಒಬ್ಬರೂ ಒಪ್ಪಲಿಲ್ಲ. ಇಂಗ್ಲಿಷ್ ತರಗತಿಗೆ ಕನ್ನಡ ಬಂದರೆ ವಿದ್ಯಾರ್ಥಿಗಳು ಕೊನೆಯವರೆಗೂ ಮನಸ್ಸಿನಲ್ಲೇ ಅನುವಾದ ಮಾಡುತ್ತಿರುತ್ತಾರೆ ಎಂಬುದು ಅವರ ಆಕ್ಷೇಪವಾಗಿತ್ತು. ದಾವಣಗೆರೆಯ ನನ್ನ ಸಂಜೆ ತರಗತಿಯ ಮೂರು ತಂಡಗಳ ಬರವಣಿಗೆಯನ್ನು ನೋಡಿದ ಮೇಲೆ ಅವರಲ್ಲಿ ಇಬ್ಬರು ನನ್ನ ಚೀಟಿಗಳನ್ನೇ ಕೇಳಿ ಒಯ್ದಿದ್ದಾರೆ.

ಮೊದಲ ಎರಡು ವರ್ಷ ನಾನು ಸೋತೆ. ಸುಮಾರು 120 ಪದಗಳ ಪಟ್ಟಿಯನ್ನು ಅಕ್ಷರಾನುಕ್ರಮದಲ್ಲಿ ಅಚ್ಚು ಹಾಕಿಸಲು ಹತ್ತಿರ ಹತ್ತಿರ 4,000 ರೂಪಾಯಿ ಖರ್ಚಾಯಿತು. ಬಹುಪಾಲು ಪದಗಳ ಮುಂದೆ ‘ಟೀಕಿಸು’ ಎಂಬ ಒಂದೇ ಅರ್ಥವಿತ್ತು. ಹಾಗಾಗಿ ಗುಮಾಸ್ತನೊಬ್ಬ ತನ್ನ ಮೇಲಧಿಕಾರಿಯನ್ನು ‘ಟೋಲ್ಡ್ ಆಫ್’ ಮಾಡಿದನೆಂದು ವಿದ್ಯಾರ್ಥಿಗಳು ನಿಶ್ಚಿಂತೆಯಿಂದ ಬರೆದರು; ಅದು ಮೇಲಿನವರು ಕೆಳಗಿನವರನ್ನು ಗದರುವ ಮಾತು. ಆ ಮೇಲೆ 2,500 ರೂಪಾಯಿ ಕೊಟ್ಟು ಚಿತ್ರದ ಕಾರ್ಡುಗಳನ್ನು ಮಾಡಿಸಿದೆ. ಎಲ್ಲ ಚಿತ್ರಗಳಲ್ಲೂ ಒಬ್ಬನು ಕೈಯೆತ್ತಿ ಕೂಗುತ್ತಿದ್ದುದರಿಂದ ಯಾವುದು ಯಾವುದೆಂದು ಯಾರಿಗೂ ತಿಳಿಯಲಿಲ್ಲ.

ದಾರಿ ತೋರಿಸಿದ್ದು ಕನ್ನಡ ಪತ್ರಿಕೆಗಳ ತಲೆಬರಹಗಳು. ನಿನ್ನೆಯವರೆಗೆ ಜೊತೆಗಿದ್ದವರು ‘ತಿರುಗಿಬಿದ್ದರು’ ಎಂದು ನಾವು ಬರೆಯುತ್ತೇವೆ; ‘ಟರ್ನ್ ಆನ್’, ‘ರೌಂಡ್ ಆನ್’ ಎರಡರಲ್ಲೂ ಅದೇ ತಿರುಗುವಿಕೆ ಇದೆ ಎಂದು ತೋರಿಸಿದ ದಿನ ಇಡೀ ತರಗತಿ ಒಮ್ಮೆಗೇ ಹಿಡಿದುಕೊಂಡಿತು. ‘ಹರಿಹಾಯ್ದರು’ ಎಂಬಲ್ಲಿ ‘ಲ್ಯಾಶ್ ಔಟ್ ಆಟ್’, ಮೇಲಿನವರು ಕೆಳಗಿನವರನ್ನು ‘ತರಾಟೆಗೆ ತೆಗೆದುಕೊಂಡರು’ ಎಂಬಲ್ಲಿ ‘ಟೆಲ್ ಆಫ್’, ‘ಹೀಗಳೆದರು’ ಎಂಬಲ್ಲಿ ‘ರನ್ ಡೌನ್’, ಹಲವರು ಒಬ್ಬನ ಮೇಲೆ ‘ಮುಗಿಬಿದ್ದರು’ ಎಂಬಲ್ಲಿ ‘ಪೈಲ್ ಆನ್’ ಎಂದು ಚೀಟಿ ಬರೆದೆ. ಪ್ರತಿ ಚೀಟಿಯ ಹಿಂದೆ ಯಾರು, ಯಾರನ್ನು, ಎದುರಿಗೋ ಬೆನ್ನ ಹಿಂದೆಯೋ ಎಂಬ ಮೂರು ಪ್ರಶ್ನೆಗಳಿದ್ದವು. ಎಲ್ಲವೂ ಹೀಗೆ ಹೊಂದುವುದಿಲ್ಲ. ‘ಲೇ ಇಂಟು’ ಕೈಗೂ ಸಲ್ಲುತ್ತದೆ, ಬಾಯಿಗೂ ಸಲ್ಲುತ್ತದೆ. ನಮ್ಮ ‘ತದುಕು’ ಕೈಗೆ ಮಾತ್ರ. ಹೀಗಳೆಯುವ ‘ಸ್ಲ್ಯಾಗ್ ಆಫ್’ ಬ್ರಿಟನ್ನಿನ ಆಡುಮಾತು, ಗದರುವ ‘ಚ್ಯೂ ಔಟ್’ ಅಮೆರಿಕದ್ದು; ಇವೆರಡನ್ನೂ ಕಚೇರಿ ಪತ್ರದಲ್ಲಿ ಬಳಸದಂತೆ ಬೇರೆಯಾಗಿಯೇ ಎಚ್ಚರಿಸಬೇಕಾಯಿತು.

ನಡುವೆ ಒಂದು ತಿಂಗಳು ಕ್ರಿಕೆಟ್ ವೀಕ್ಷಕ ವಿವರಣೆಯಿಂದ ಕಲಿಸಿ ನೋಡಿದೆ. ಮೇಲೆರಗುವುದನ್ನು ಹೇಳುವ ‘ಗೋ ಆಫ್ಟರ್’, ‘ಟೇರ್ ಇಂಟು’ ಧಾರಾಳವಾಗಿ ಸಿಕ್ಕವು, ಆದರೆ ಅಲ್ಲಿ ಅವು ಬ್ಯಾಟುಗಾರನ ಹೊಗಳಿಕೆಯ ಭಾಗವಾದ್ದರಿಂದ ಮಾತಿನ ಕಹಿಯೇ ವಿದ್ಯಾರ್ಥಿಗಳಿಗೆ ತಾಕಲಿಲ್ಲ. ಅದನ್ನು ಬಿಟ್ಟೆ.

ಸರ್ವನಾಮದ ಸ್ಥಾನವೇ ಅತ್ಯಂತ ಕಠಿಣವಾಗಿತ್ತು. ‘ಟೆಲ್ ಹಿಮ್ ಆಫ್’ ಸರಿ, ‘ಲೇ ಹಿಮ್ ಇಂಟು’ ತಪ್ಪು. ನಿಯಮ ಹೇಳಿದರೆ ಮರೆಯುತ್ತಿದ್ದರು. ಆದ್ದರಿಂದ ಚೀಟಿಯನ್ನೇ ಕತ್ತರಿಯಿಂದ ಎರಡಾಗಿಸಿ, ನಡುವೆ ಸರ್ವನಾಮ ಕೂರುವ ಪದಗಳನ್ನು ಮಾತ್ರ ತುಂಡು ಮಾಡಿ ಕೊಟ್ಟೆ. ಮೂರನೆಯ ದಿನ ಆ ತುಂಡುಗಳನ್ನು ಹಂಚುವ ಕ್ರಮವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ಬಹಳ ದುಡಿದು ಕಂಡುಕೊಂಡದ್ದು. ಈ ಚೀಟಿಗಳ ಒಟ್ಟು ಖರ್ಚು 300 ರೂಪಾಯಿಯನ್ನೂ ದಾಟಲಿಲ್ಲ.

ಕಳೆದ ತಂಡದ ಮೂವತ್ತು ಚಿಲ್ಲರೆ ಮಂದಿಯಲ್ಲಿ ನಾಲ್ಕೈದು ಮಂದಿ ಮಾತ್ರ ಇನ್ನೂ ಎಡವುತ್ತಾರೆ. ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ಹುಡುಗಿಯೊಬ್ಬಳು ಗೆಳತಿಯೊಡನೆ ಆದ ಜಗಳವನ್ನು ಬರೆಯುತ್ತ ಮೊದಲು ‘ಟೋಲ್ಡ್ ಮಿ ಆಫ್’ ಎಂದು ಬರೆದಿದ್ದಳು. ನಾನು ಏನೂ ಹೇಳುವ ಮೊದಲೇ ಅದನ್ನು ಹೊಡೆದುಹಾಕಿ, ‘ರೌಂಡೆಡ್ ಆನ್ ಮಿ’ ಎಂದು ತಿದ್ದಿ ನನ್ನ ಮುಂದಿಟ್ಟಳು.