ಕಾರಿನ ಎಸಿ ತಣ್ಣಗಿಲ್ಲವೇ? ಗ್ಯಾಸ್ ಮಾತು ಕೊನೆಗಿರಲಿ

ಏಪ್ರಿಲ್ ಬಂತೆಂದರೆ ಕಾರ್ ಎಸಿ ಅಂಗಡಿಗಳ ಮುಂದೆ ಸಾಲು. ‘ತಣ್ಣಗೆ ಬರ್ತಿಲ್ಲ’ ಅಂದರೆ ಸಾಕು, ಬಾನೆಟ್ ಎತ್ತುವ ಮೊದಲೇ ಉತ್ತರ ಸಿದ್ಧ: ‘ಗ್ಯಾಸ್ ಕಮ್ಮಿ ಆಗಿದೆ ಸಾರ್, ಹಾಕಿಬಿಡೋಣ.’ ಆದರೆ ಎಸಿ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವುದಿಲ್ಲ. ಮುಚ್ಚಿದ ಕೊಳವೆಗಳೊಳಗೆ ದ್ರವವಾಗಿ, ಆವಿಯಾಗಿ, ಮತ್ತೆ ದ್ರವವಾಗಿ ಅದೇ ಸುತ್ತುತ್ತಿರುತ್ತದೆ. ರಬ್ಬರ್ ಹೋಸು, ಶಾಫ್ಟ್ ಸೀಲುಗಳಿಂದ ವರ್ಷಕ್ಕೆ ಒಂದಿಷ್ಟು ಗ್ರಾಂ ಜಿನುಗುವುದುಂಟು, ಅಷ್ಟೇ. ಹೋದ ಬೇಸಿಗೆಯಲ್ಲಿ ಹಾಕಿಸಿದ್ದು ಈ ಬೇಸಿಗೆಗೆ ಖಾಲಿಯಾಗಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಗ್ಯಾಸಿಗೆ ಸಂಬಂಧವೇ ಇಲ್ಲದ ಕಾರಣಗಳೂ ಸಾಕಷ್ಟಿವೆ. ಅವನ್ನು ಮನೆಯಂಗಳದಲ್ಲೇ ಪತ್ತೆ ಹಚ್ಚಬಹುದು.

ಮೊದಲು ಅಳೆಯಿರಿ

ಅಡುಗೆಮನೆಯಲ್ಲಿ ಬಳಸುವ ಕಡ್ಡಿ ಥರ್ಮಾಮೀಟರ್ ಸಾಕು. ಕಾರನ್ನು ನೆರಳಿಗೆ ತನ್ನಿ. ಕಿಟಕಿ ಇಳಿಸಿ ಒಳಗಿನ ಬಿಸಿಗಾಳಿ ಹೊರಹಾಕಿ, ಮತ್ತೆ ಏರಿಸಿ. ಒಳಗಿನ ಗಾಳಿಯೇ ಸುತ್ತುವ ರೀಸರ್ಕ್ಯುಲೇಷನ್ ಗುಂಡಿ ಒತ್ತಿ, ತಾಪಮಾನ ತೀರಾ ಕೆಳಕ್ಕೆ ಇಳಿಸಿ, ಬ್ಲೋವರ್ ಮಧ್ಯಮದಲ್ಲಿಡಿ. ಗೇರ್ ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು ಎಂಜಿನ್ ಅನ್ನು 1,500 ಆರ್‌ಪಿಎಂನಲ್ಲಿ 10 ನಿಮಿಷ ಓಡಿಸಿ, ಮಧ್ಯದ ವೆಂಟ್‌ನೊಳಗೆ ಕಡ್ಡಿ ತೂರಿಸಿ ಓದಿಕೊಳ್ಳಿ. ಹೊರಗೆ 30ರಿಂದ 35 ಡಿಗ್ರಿ ಇದ್ದಾಗ ವೆಂಟ್‌ನಲ್ಲಿ 6ರಿಂದ 12 ಡಿಗ್ರಿ ಬಂದರೆ ಎಸಿಗೆ ಏನೂ ಆಗಿಲ್ಲ.

ಮಂಗಳೂರು, ಕಾರವಾರದ ಕಡೆಯವರು ಇದಕ್ಕೆ ಎರಡು ಮೂರು ಡಿಗ್ರಿ ಸೇರಿಸಿಕೊಳ್ಳಬೇಕು. ಕಲಬುರಗಿಯ ಒಣ ಬಿಸಿಲಿನಲ್ಲಿ ಎಸಿಯ ಶಕ್ತಿಯೆಲ್ಲ ಗಾಳಿ ತಣಿಸುವುದಕ್ಕೇ ಹೋಗುತ್ತದೆ. ಕರಾವಳಿಯಲ್ಲಿ ದೊಡ್ಡ ಪಾಲು ಗಾಳಿಯ ತೇವವನ್ನು ನೀರಾಗಿಸಲು ಖರ್ಚಾಗುತ್ತದೆ. ಕಾರಿನಡಿ ತೊಟ್ಟಿಕ್ಕುವುದು ಆ ನೀರೇ. ಅದನ್ನು ನೋಡಿ ಗಾಬರಿಯಾಗಬೇಡಿ. ಸೆಕೆಗಾಲದಲ್ಲಿ ತೊಟ್ಟಿಕ್ಕದಿದ್ದರೇ ಅನುಮಾನಪಡಬೇಕು.

ಯಾವಾಗ ತಣ್ಣಗಿರುವುದಿಲ್ಲ?

ಅರ್ಧ ರೋಗ ಈ ಪ್ರಶ್ನೆಯಲ್ಲೇ ಗೊತ್ತಾಗುತ್ತದೆ. ಹೆದ್ದಾರಿಯಲ್ಲಿ ತಂಪು, ಸಿಗ್ನಲ್‌ನಲ್ಲಿ ನಿಂತರೆ ಬಿಸಿ ಎಂದಾದರೆ ಮೊದಲ ಅನುಮಾನ ಕಂಡೆನ್ಸರ್ (ಮುಂಭಾಗದಲ್ಲಿ ಬಿಸಿ ಹೊರಹಾಕುವ ಜಾಲರಿ) ಫ್ಯಾನ್ ಮೇಲೆ. ಹೊರಟ ಅರ್ಧ ಗಂಟೆ ಚೆನ್ನಾಗಿದ್ದು, ಆಮೇಲೆ ವೆಂಟ್‌ನಿಂದ ಗಾಳಿಯೇ ಕಡಿಮೆಯಾಗಿ, ಎಸಿ ಆರಿಸಿ 10 ನಿಮಿಷ ಬಿಟ್ಟರೆ ಮತ್ತೆ ಸರಿಹೋಗುತ್ತದೆಯೇ? ಡ್ಯಾಶ್‌ಬೋರ್ಡ್ ಹಿಂದಿನ ಕೂಲಿಂಗ್ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತಿದೆ. ಕಾಯಿಲ್ ಹೆಪ್ಪುಗಟ್ಟುವ ಮೊದಲೇ ಕಂಪ್ರೆಸರ್ (ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪ್) ನಿಲ್ಲಿಸಬೇಕಾದ ಥರ್ಮಿಸ್ಟರ್ ಎಂಬ ತಾಪ ಸೆನ್ಸರ್ ಕೆಟ್ಟಿರಬಹುದು, ಅಥವಾ ಫಿಲ್ಟರ್ ಕಟ್ಟಿಕೊಂಡಿರಬಹುದು. ಗಾಳಿ ಜೋರಾಗಿಯೇ ಇದ್ದು ತಂಪು ಮಾತ್ರ ಹೋಗಿಬಂದು ಮಾಡುತ್ತಿದ್ದರೆ ಕಂಪ್ರೆಸರನ್ನು ಬೆಲ್ಟಿಗೆ ಜೋಡಿಸಿ ಬಿಡಿಸುವ ಕ್ಲಚ್ ಕಡೆ, ಇಲ್ಲವೇ ಕೊಳವೆಯೊಳಗೆ ಸೇರಿದ ತೇವದ ಕಡೆ ನೋಡಬೇಕು.

ಗಾಳಿಯೇ ಕಡಿಮೆ ಎನಿಸಿದರೆ ಗ್ಲೋವ್‌ಬಾಕ್ಸ್ ಬಿಚ್ಚಿ ಹಿಂದಿರುವ ಕ್ಯಾಬಿನ್ ಫಿಲ್ಟರ್ ಎಳೆದು ನೋಡಿ. ಹೆಚ್ಚಿನ ಕಾರುಗಳಲ್ಲಿ ಇದಕ್ಕೆ ಸ್ಕ್ರೂಡ್ರೈವರ್ ಕೂಡ ಬೇಕಿಲ್ಲ. ದೂಳಿನ ರಸ್ತೆಯಲ್ಲಿ ಓಡಾಡುವ ಕಾರಿಗೆ 10,000 ಕಿ.ಮೀ.ಗೊಮ್ಮೆ ಬದಲಿಸುವುದು ಒಳ್ಳೆಯದು. ತೊಳೆದು ಒಣಗಿಸಿ ಮತ್ತೆ ಹಾಕುವ ಉಳಿತಾಯ ಬೇಡ. ಕೆಲವು ಕಾರುಗಳ ಕಡಿಮೆ ಬೆಲೆಯ ಮಾದರಿಗಳಲ್ಲಿ ಫಿಲ್ಟರೇ ಇರುವುದಿಲ್ಲ. ಅಂಥವುಗಳಲ್ಲಿ ದೂಳೆಲ್ಲ ನೇರ ಕೂಲಿಂಗ್ ಕಾಯಿಲ್ ಮೇಲೆ ಕೂತು ಕಂಬಳಿಯಂತಾಗಿರುತ್ತದೆ.

ಬಾನೆಟ್ ಎತ್ತಿ

ಎಂಜಿನ್ ಮತ್ತು ಎಸಿ ಓಡುತ್ತಿರುವಾಗ ಬೆಲ್ಟ್, ಫ್ಯಾನ್‌ಗಳಿಂದ ಕೈ, ಶಾಲು, ದುಪಟ್ಟಾ ದೂರವಿರಲಿ. ಎಂಜಿನ್‌ಗೂ ಡ್ಯಾಶ್‌ಬೋರ್ಡಿಗೂ ನಡುವಿನ ಗೋಡೆಯೊಳಗೆ ಹೋಗುವ ಎರಡು ಅಲ್ಯೂಮಿನಿಯಂ ಪೈಪುಗಳನ್ನು ಹುಡುಕಿ. ದಪ್ಪನೆಯದು ತಂಬಿಗೆಯ ತಣ್ಣೀರಿನಂತೆ ತಣ್ಣಗಿದ್ದು ಮೈಮೇಲೆ ಹನಿಗಟ್ಟಿರಬೇಕು. ತೆಳುವಾದದ್ದು ಬಿಸಿಯಿರುತ್ತದೆ, ಜೋಪಾನವಾಗಿ ಮುಟ್ಟಿ.

ದಪ್ಪ ಪೈಪು ಚೆನ್ನಾಗಿ ತಣ್ಣಗಿದ್ದೂ ವೆಂಟ್‌ನಲ್ಲಿ ಬಿಸಿಗಾಳಿ ಬರುತ್ತಿದ್ದರೆ ಗ್ಯಾಸ್ ಮಾತೆತ್ತಲೇಬೇಡಿ. ತಂಪಾದ ಗಾಳಿಗೆ ಒಳಗೆ ಹೀಟರ್‌ನ ಬಿಸಿ ಬೆರೆಯುತ್ತಿದೆ. ಬಿಸಿ–ತಂಪು ಬೆರೆಸುವ ಪುಟ್ಟ ಬಾಗಿಲು ಅರ್ಧದಲ್ಲಿ ಸಿಕ್ಕಿಕೊಂಡಿದೆ ಅಥವಾ ಅದರ ಕೇಬಲ್, ಮೋಟಾರ್ ಕೈಕೊಟ್ಟಿದೆ.

ಪೈಪು ತಣ್ಣಗಿಲ್ಲದಿದ್ದರೆ ಕಂಪ್ರೆಸರ್ ನೋಡಿ. ಬೆಲ್ಟ್ ಇರುವ ಪುಲ್ಲಿ ಸದಾ ತಿರುಗುತ್ತದೆ. ಎಸಿ ಗುಂಡಿ ಒತ್ತಿದಾಗ ‘ಟಕ್’ ಎಂದು ನಡುವಿನ ಕ್ಲಚ್ ತಟ್ಟೆಯೂ ಜೊತೆಗೆ ತಿರುಗಬೇಕು. ತಿರುಗದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ (ಕರೆಂಟು ಹಾಯಿಸುವ ಪುಟ್ಟ ಸ್ವಿಚ್) ನೋಡಿ. ಅದೇ ನಂಬರಿನ ಹಾರ್ನ್ ರಿಲೇ ಇದ್ದರೆ ಅದಲು ಬದಲು ಮಾಡಿದರೆ ಉತ್ತರ ಸಿಗುತ್ತದೆ. ತಟ್ಟೆ ಬೆಳಿಗ್ಗೆ ಕಚ್ಚಿಕೊಂಡು, ಎಂಜಿನ್ ಕಾದ ಮೇಲೆ ಕೈಬಿಡುತ್ತಿದ್ದರೆ ಸವೆದು, ತಟ್ಟೆಗೂ ಪುಲ್ಲಿಗೂ ನಡುವಿನ ಸಂದು ದೊಡ್ಡದಾಗಿದೆ: ತಟ್ಟೆಯನ್ನು ಎಳೆಯುವ ಆಯಸ್ಕಾಂತದ ಕಾಯಿಲ್ ಬಿಸಿಯಾದಾಗ ಅದರಲ್ಲಿ ಹರಿಯುವ ಕರೆಂಟು ಇಳಿದು, ಆ ಸಂದನ್ನು ದಾಟಿ ಎಳೆಯುವ ಶಕ್ತಿ ಉಳಿಯುವುದಿಲ್ಲ. ಎಂಜಿನ್ ಆರಿಸಿ ಆ ಸಂದನ್ನು ತೆಳು ಪಟ್ಟಿಗಳ ಫೀಲರ್ ಗೇಜ್‌ನಿಂದ ಅಳೆದರೆ ಸಾಮಾನ್ಯವಾಗಿ 0.3ರಿಂದ 0.6 ಮಿ.ಮೀ. ಇರಬೇಕು. ಹೆಚ್ಚಿದ್ದರೆ ಒಳಗಿನ ತೆಳು ವಾಷರ್ ಒಂದನ್ನು ತೆಗೆದು ಸರಿಪಡಿಸಬಹುದು. ಹೊಸ ಕಂಪ್ರೆಸರ್ ಬೇಕಿಲ್ಲ. ಈಚಿನ ಕೆಲವು ಕಾರುಗಳ ಕಂಪ್ರೆಸರ್‌ಗೆ ಕ್ಲಚ್ಚೇ ಇಲ್ಲ, ಅದನ್ನು ಪರೀಕ್ಷಿಸಲು ಗ್ಯಾರೇಜಿನ ಸ್ಕ್ಯಾನರ್ ಬೇಕು.

ಈಗ ಕಂಡೆನ್ಸರ್. ರೇಡಿಯೇಟರ್ ಮುಂದೆ ನಿಂತಿರುವ ಈ ಜಾಲರಿಯೇ ಒಳಗಿನ ಬಿಸಿಯನ್ನು ಹೊರಗೆ ಚೆಲ್ಲುವುದು. ರಸ್ತೆಯ ಮೇಲೆ ಹುರುಳಿ, ರಾಗಿ ಹರಡಿ ವಾಹನಗಳಿಂದಲೇ ಒಕ್ಕಣೆ ಮಾಡಿಸುವ ಊರುಗಳನ್ನು ದಾಟಿ ಬಂದ ಕಾರಾದರೆ ಗ್ರಿಲ್ ಒಳಗೆ ಟಾರ್ಚ್ ಬಿಟ್ಟು ನೋಡಿ, ಹೊಟ್ಟು ಕಿಕ್ಕಿರಿದಿರುತ್ತದೆ. (ಕಾರಿನಡಿ ಸೈಲೆನ್ಸರ್‌ಗೆ ಸುತ್ತಿದ ಹುಲ್ಲನ್ನೂ ಆಗಲೇ ಎಳೆದುಬಿಡಿ, ಅದು ಎಸಿಗಿಂತ ದೊಡ್ಡ ಅಪಾಯ, ಬೆಂಕಿ ಹತ್ತುತ್ತದೆ.) ಎಂಜಿನ್ ಆರಿದ ಮೇಲೆ ಮೆಲ್ಲನೆಯ ಪೈಪ್ ನೀರಿನಿಂದ ತೊಳೆಯಿರಿ. ವಾಟರ್ ಸರ್ವಿಸ್‌ನ ಜೋರು ಪ್ರೆಷರ್ ಹತ್ತಿರದಿಂದ ಬಿಟ್ಟರೆ ಎಲೆಯಂಥ ಫಿನ್‌ಗಳು ಮಡಚಿ ಗಾಳಿಯ ದಾರಿಯೇ ಮುಚ್ಚುತ್ತದೆ.

ಫ್ಯಾನ್ ತಿರುಗುತ್ತಿದೆ ಎಂದರೆ ಸಾಲದು, ಎತ್ತ ತಿರುಗುತ್ತಿದೆ ನೋಡಿ. ಒಂದು ಹಾಳೆಯನ್ನು ಕಂಡೆನ್ಸರ್ ಮುಂದೆ ಹಿಡಿಯಿರಿ. ಒಳಕ್ಕೆ ಎಳೆದುಕೊಂಡು ಅಂಟಿ ನಿಂತರೆ ಸರಿ. ಹೊರಕ್ಕೆ ಹಾರಿದರೆ ಮೋಟಾರ್ ಬದಲಿಸಿದವರು ವೈರ್ ಉಲ್ಟಾ ಕೊಟ್ಟಿದ್ದಾರೆ. ಇನ್ನೊಂದು ಪರೀಕ್ಷೆ: ಎಸಿ ಓಡುತ್ತಿರುವಾಗ ಗ್ರಿಲ್ ಮೂಲಕ ಕಂಡೆನ್ಸರ್ ಮೇಲೆ ನೀರು ಚಿಮುಕಿಸಿ. ವೆಂಟ್‌ನ ಥರ್ಮಾಮೀಟರ್ ಎರಡೇ ನಿಮಿಷದಲ್ಲಿ ನಾಲ್ಕೈದು ಡಿಗ್ರಿ ಇಳಿದರೆ ಬಿಸಿ ಹೊರಹೋಗುತ್ತಿಲ್ಲ ಎಂದಾಯಿತು. ಫ್ಯಾನ್, ಕಟ್ಟಿದ ಕಂಡೆನ್ಸರ್, ಅಥವಾ ಅತಿಯಾಗಿ ತುಂಬಿದ ಗ್ಯಾಸ್, ಈ ಮೂರರಲ್ಲಿ ಒಂದು.

ಗೇಜ್ ಏನು ಹೇಳುತ್ತದೆ

ಇಲ್ಲಿಂದ ಮುಂದೆ ಮೆಕ್ಯಾನಿಕ್ ಕೆಲಸ, ಆದರೆ ನಿಂತು ನೋಡುವುದು ನಿಮ್ಮ ಕೆಲಸ. ಎಂಜಿನ್ ಆರಿರುವಾಗ ಗೇಜ್ ಹಚ್ಚಿ ‘ನೋಡಿ, 97 ಇದೆ, ಗ್ಯಾಸ್ ಇದೆ’ ಎಂದರೆ ನಂಬಬೇಡಿ. ಆರ್‌-134ಎ ಎಂಬ ಕಾರ್ ಎಸಿ ಗ್ಯಾಸ್ 30 ಡಿಗ್ರಿಯಲ್ಲಿ ಸುಮ್ಮನಿದ್ದಾಗ ತೋರಿಸುವ ಒತ್ತಡವೇ ಸುಮಾರು 97 ಪಿಎಸ್‌ಐ. ಒಳಗೆ ಒಂದಿಷ್ಟು ದ್ರವ ಉಳಿದಿದ್ದರೂ ಅಷ್ಟೇ, ಪೂರ್ತಿ ಇದ್ದರೂ ಅಷ್ಟೇ. ಅಡುಗೆ ಅನಿಲದ ಸಿಲಿಂಡರ್ ಅರ್ಧವಾದಾಗಲೂ ಒಲೆ ಅದೇ ಜೋರಿನಲ್ಲಿ ಉರಿಯುವುದಿಲ್ಲವೇ, ಹಾಗೆ.

ಎಸಿ ಓಡುವಾಗಿನ ಎರಡೂ ಗೇಜ್‌ಗಳನ್ನು ಒಟ್ಟಿಗೆ ಓದಬೇಕು. ಹೊರಗೆ 30–35 ಡಿಗ್ರಿ ಇದ್ದಾಗ ಕಡಿಮೆ ಒತ್ತಡದ ಬದಿಯ ನೀಲಿ ಗೇಜ್ 25ರಿಂದ 45, ಹೆಚ್ಚು ಒತ್ತಡದ ಬದಿಯ ಕೆಂಪು 180ರಿಂದ 260 ಪಿಎಸ್‌ಐ ಆಸುಪಾಸು ಇದ್ದರೆ ಸರಿ. ಎರಡೂ ಕೆಳಗಿದ್ದರೆ ಗ್ಯಾಸ್ ಕಡಿಮೆ. ಎರಡೂ ಮೇಲಿದ್ದರೆ ಗ್ಯಾಸ್ ಹೆಚ್ಚಾಗಿದೆ, ಕಂಡೆನ್ಸರ್‌ಗೆ ಗಾಳಿ ಸಾಲದು, ಅಥವಾ ವ್ಯಾಕ್ಯೂಮ್ ಮಾಡದೆ (ಒಳಗಿನ ಗಾಳಿಯನ್ನು ಪಂಪ್‌ನಿಂದ ಹೀರಿ ತೆಗೆಯದೆ) ತುಂಬಿ ಕೊಳವೆಯೊಳಗೆ ಗಾಳಿ ಸೇರಿದೆ. ಇಲ್ಲಿ ಇನ್ನಷ್ಟು ಗ್ಯಾಸ್ ಹಾಕಿದರೆ ತಂಪು ಇನ್ನಷ್ಟು ಕಡಿಮೆಯಾಗುತ್ತದೆ. ನೀಲಿ ಮೇಲೆ, ಕೆಂಪು ಕೆಳಗೆ ಇದ್ದರೆ ಕಂಪ್ರೆಸರ್ ಸೋತಿದೆ. ನೀಲಿ ಸೊನ್ನೆಯತ್ತ ಜಾರಿ ಸ್ವಲ್ಪ ಹೊತ್ತಿಗೆ ಮೇಲೇಳುತ್ತಿದ್ದರೆ, ಕೂಲಿಂಗ್ ಕಾಯಿಲ್‌ಗೆ ಗ್ಯಾಸ್ ಬಿಡುವ ಎಕ್ಸ್‌ಪಾನ್ಷನ್ ವಾಲ್ವ್‌ನ ಸಣ್ಣ ರಂಧ್ರದಲ್ಲಿ ತೇವ ಹೆಪ್ಪುಗಟ್ಟಿ ಕರಗುತ್ತಿದೆ, ತೇವ ಹೀರುವ ಡ್ರೈಯರ್ ಬದಲಿಸಬೇಕು.

ಸೋರಿಕೆ ಹುಡುಕದೆ ತುಂಬಿಸಬೇಡಿ

ಗ್ಯಾಸ್ ಜೊತೆ ಕಂಪ್ರೆಸರ್ ಎಣ್ಣೆಯೂ ಸುತ್ತುವುದರಿಂದ ಸೋರಿದಲ್ಲಿ ಎಣ್ಣೆಗೆ ದೂಳಂಟಿದ ಕಪ್ಪು ಕಲೆ ಇರುತ್ತದೆ. ಪೈಪಿನ ಜೋಡಣೆಗಳು, ಕಲ್ಲೇಟು ತಿಂದ ಕಂಡೆನ್ಸರ್‌ನ ಕೆಳಭಾಗ, ಕಂಪ್ರೆಸರ್ ಮೂತಿ ಮತ್ತು ಗೇಜ್ ಹಚ್ಚುವ ವಾಲ್ವ್‌ಗಳನ್ನು ಮೊದಲು ನೋಡಿ. ಆ ವಾಲ್ವ್‌ಗಳ ಪ್ಲಾಸ್ಟಿಕ್ ಮುಚ್ಚಳ ಕಳೆದಿದ್ದರೆ ಇವತ್ತೇ ಹಾಕಿಸಿ. ಪರೀಕ್ಷೆಗೆ ನೈಟ್ರೋಜನ್ ತುಂಬಿ ಸೋಪುನೀರು ಹಚ್ಚುವುದು ಸರಿಯಾದ ಕ್ರಮ. ಸೋರಿಕೆ ಮುಚ್ಚುತ್ತದೆಂದು ಮಾರುವ ಅಂಟುದ್ರವ ವಾಲ್ವನ್ನೇ ಕಟ್ಟಿಸಬಹುದು. ಅಗ್ಗವೆಂದು ಎಲ್‌ಪಿಜಿ ಬೆರೆತ ಗ್ಯಾಸ್ ಹಾಕಿಸಿದರೆ ಡ್ಯಾಶ್‌ಬೋರ್ಡ್ ಹಿಂದೆ ಸಿಲಿಂಡರ್ ಇಟ್ಟುಕೊಂಡಂತೆ.

ಸೋರಿಕೆ ಸರಿಪಡಿಸಿದ ಮೇಲೆ ಕನಿಷ್ಠ 30 ನಿಮಿಷ ವ್ಯಾಕ್ಯೂಮ್ ಪಂಪ್ ಓಡಬೇಕು. ಪಂಪ್ ನಿಲ್ಲಿಸಿ 15 ನಿಮಿಷ ಕಾದರೂ ಮುಳ್ಳು ಅಲುಗಬಾರದು. ಆಮೇಲೆ ತುಂಬುವುದು ಗೇಜ್ ನೋಡಿ ಅಂದಾಜಿನಲ್ಲಲ್ಲ, ತಕ್ಕಡಿಯಲ್ಲಿ ತೂಗಿ. ಎಷ್ಟು ಗ್ರಾಂ ಎಂಬುದು ಬಾನೆಟ್ ಒಳಗಿನ ಚೀಟಿಯಲ್ಲಿದೆ. ಸಣ್ಣ ಕಾರುಗಳಿಗೆ ಬಹುತೇಕ 350ರಿಂದ 500 ಗ್ರಾಂ, ಅಂದರೆ 50 ಗ್ರಾಂ ಹೆಚ್ಚುಕಡಿಮೆಯೂ ತಂಪಿನಲ್ಲಿ ಗೊತ್ತಾಗುತ್ತದೆ. ಗ್ಯಾಸಿನ ಹೆಸರನ್ನೂ ಅದೇ ಚೀಟಿಯಲ್ಲಿ ನೋಡಿಕೊಳ್ಳಿ.

ದುಡ್ಡು ಕೊಡುವ ಮೊದಲು ಅದೇ ಥರ್ಮಾಮೀಟರನ್ನು ಅದೇ ವೆಂಟ್‌ಗೆ ಹಾಕಿ 10 ನಿಮಿಷ ಅಲ್ಲೇ ಕೂರಿ. ತಾರೀಖು, ತುಂಬಿದ ಗ್ರಾಂ, ಹೊರಗಿನ ಮತ್ತು ವೆಂಟ್‌ನ ಡಿಗ್ರಿ, ಈ ನಾಲ್ಕನ್ನೂ ಬಿಲ್ಲಿನ ಹಿಂದೆ ಬರೆದು ಗ್ಲೋವ್‌ಬಾಕ್ಸ್‌ನಲ್ಲಿಡಿ. ಮುಂದಿನ ಏಪ್ರಿಲ್‌ನಲ್ಲಿ ಮತ್ತೆ ಯಾರಾದರೂ ‘ಗ್ಯಾಸ್ ಕಮ್ಮಿ ಆಗಿದೆ ಸಾರ್’ ಅಂದರೆ, ಎಷ್ಟು ಗ್ರಾಂ ಕಮ್ಮಿಯಾಗಿದೆ, ತೆಗೆದು ತೂಗಿ ತೋರಿಸಿ ಎಂದು ಕೇಳಿ.