ಟೆಕ್ಸಾಸ್‌ನ ತೀರ್ಪು, ಚನ್ನಗಿರಿಯ ಅಡಿಕೆ ರಸೀದಿ: ನನ್ನ ಅನುಭವ

ದಾವಣಗೆರೆಯಲ್ಲಿ ಡಿಟಿಪಿ ನಡೆಸುವ ನಾನು, ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರ ಸಂಘವೊಂದರ ವರ್ಡ್ 2007ರ ರಸೀದಿ ನಮೂನೆಗಳನ್ನು ಒಡಿಎಫ್‌ಗೆ (ಯಾವ ಕಂಪನಿಯ ಹಿಡಿತಕ್ಕೂ ಸೇರದ ಮುಕ್ತ ಕಡತ ರೂಪಕ್ಕೆ) ತಂದ ಬಗೆಯನ್ನು ಇಲ್ಲಿ ಬರೆದಿದ್ದೇನೆ. ಆಗದ ಕೆಲಸವೆಂದವರೇ ಈಗ ಬಂದು ವಿಚಾರಿಸುತ್ತಿದ್ದಾರೆ.

ಸದಸ್ಯರ ಹೆಸರು, ತೂಕ, ದರ ಎಲ್ಲಕ್ಕೂ ಕಸ್ಟಮ್ ಎಕ್ಸ್‌ಎಂಎಲ್ ಟ್ಯಾಗ್‌ಗಳಿದ್ದವು, ಅಂದರೆ ಯಾವ ಪಠ್ಯ ಏನೆಂದು ಗುರುತಿಸಲು ನಾವೇ ಹೆಸರಿಟ್ಟು ಹಚ್ಚಿದ ಗುರುತುಗಳು. ಸಂಘದವರು ವರ್ಡ್ 2010 ಹಾಕಿಸಿದ ಮೇಲೆ ಕಡತ ತೆರೆದರೆ ಅಕ್ಷರಗಳು ಉಳಿದು ಟ್ಯಾಗ್‌ಗಳು ಮಾಯವಾಗುತ್ತಿದ್ದವು. ಕೆಲವರು ವೈರಸ್ ಎಂದರು. ನಿಜವಾದ ಕಾರಣ ಟೊರಾಂಟೊದ ಐ4ಐ ಕಂಪನಿಯ ಪೇಟೆಂಟು. ವರ್ಡ್‌ನ ಈ ಟ್ಯಾಗ್ ಸೌಲಭ್ಯ ಅದನ್ನು ಉಲ್ಲಂಘಿಸುತ್ತದೆಂದು ಐ4ಐ ಮೈಕ್ರೋಸಾಫ್ಟ್ ಮೇಲೆ ದಾವೆ ಹೂಡಿತ್ತು. 2009ರಲ್ಲಿ ಟೆಕ್ಸಾಸ್‌ನ ಜ್ಯೂರಿ 20 ಕೋಟಿ ಡಾಲರ್ ಪರಿಹಾರ ವಿಧಿಸಿತು. ತಡೆಯಾಜ್ಞೆಯೂ ಬಂದದ್ದರಿಂದ ಮೈಕ್ರೋಸಾಫ್ಟ್ ಆ ಸೌಲಭ್ಯವನ್ನೇ ತೆಗೆದುಹಾಕಿತು. 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪನ್ನು ಎತ್ತಿಹಿಡಿಯಿತು. ನಮ್ಮ ಪೇಟೆಂಟ್ ಕಾಯ್ದೆಯ 3(ಕೆ) ಕಲಮು ಬರಿಯ ಕಂಪ್ಯೂಟರ್ ಪ್ರೋಗ್ರಾಮಿಗೆ ಪೇಟೆಂಟ್ ಒಪ್ಪುವುದಿಲ್ಲವಾದರೂ, ಇಲ್ಲಿ ಮಾರುವ ವರ್ಡ್ ಕೂಡ ಅದೇ ಆದ್ದರಿಂದ ಬಿಸಿ ನಮಗೂ ತಟ್ಟಿತು. ವರ್ಡ್ ಕಡತಗಳ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 29500ರಲ್ಲಿ ಆ ಟ್ಯಾಗ್ ಇದ್ದೂ ವರ್ಡ್ ಅದನ್ನು ಉಳಿಸಿಕೊಳ್ಳದಿದ್ದರೆ ಗುಮಾಸ್ತರಿಗೆ ಏನು ಪ್ರಯೋಜನ?

ನಮೂನೆಗಳನ್ನು ಬದಲಿಸಿಕೊಡಲು ಬೆಂಗಳೂರಿನ ಸಂಸ್ಥೆಯೊಂದು ಒಂದೂವರೆ ಲಕ್ಷದಷ್ಟು ಕೇಳಿತ್ತು. ನನ್ನ ಕೈಯಿಂದ ಆದದ್ದು, ಹುಡುಗನ ಸಂಬಳವೂ ಸೇರಿ, ಸುಮಾರು 18,000 ರೂಪಾಯಿ.

ಮೊದಲು ಉಚಿತ ಆಫೀಸ್ ತಂತ್ರಾಂಶವಾದ ಲಿಬ್ರೆಆಫೀಸಿನಲ್ಲಿ ತೆರೆದು ಒಡಿಟಿಯಾಗಿ (ಒಡಿಎಫ್‌ನ ಪಠ್ಯ ಕಡತವಾಗಿ) ಉಳಿಸಿ ನೋಡಿದೆ. ಪಠ್ಯ ಬಂತು, ಟ್ಯಾಗ್ ಬರಲಿಲ್ಲ. ನಡುವೆ ವರ್ಡ್‌ನ ಕಂಟೆಂಟ್ ಕಂಟ್ರೋಲ್‌ಗಳನ್ನೂ (ನಮೂನೆಯಲ್ಲಿ ಮಾಹಿತಿ ತುಂಬುವ ಚೌಕಗಳನ್ನು) ಪ್ರಯತ್ನಿಸಿದೆ. ತೀರ್ಪು ಅವನ್ನು ಮುಟ್ಟಿರಲಿಲ್ಲ, ಕೆಲಸವೂ ಚೆನ್ನಾಗಿಯೇ ಆಯಿತು, ಆದರೆ ಸಂಘದ ಉಬುಂಟು (ಲಿನಕ್ಸ್) ಯಂತ್ರಗಳಲ್ಲಿ ಮುದ್ರಣದ ಸಾಲು ಕೆಟ್ಟು ಒಂದು ರೀಮ್ ಕಾಗದ ದಂಡವಾಯಿತು. ವರ್ಡ್‌ನ ಡಾಕ್ಎಕ್ಸ್ ಕಡತವೂ ಒಡಿಟಿಯೂ ನಿಜಕ್ಕೂ ಜಿಪ್ ಗಂಟುಗಳೇ. ಕಡೆಗೆ ಹಳೆಯ ಡಾಕ್ಎಕ್ಸ್ ಪ್ರತಿಗಳನ್ನು ಹೊಸ ವರ್ಡ್ ಮುಟ್ಟುವ ಮೊದಲೇ ಅನ್‌ಜಿಪ್ ಮಾಡಿ, ಒಳಗಿನ ಎಕ್ಸ್‌ಎಂಎಲ್‌ನಿಂದ ಟ್ಯಾಗ್ ಹೆಸರುಗಳನ್ನು ಪೈಥಾನ್ ಪ್ರೋಗ್ರಾಮಿನಿಂದ ಹೆಕ್ಕಿ, ಒಡಿಟಿಯ ಡೇಟಾಬೇಸ್ ಫೀಲ್ಡ್‌ಗಳಾಗಿ ಬರೆದೆ. ಮರಳಿ ಜಿಪ್ ಮಾಡುವಾಗ ಮೈಮ್‌ಟೈಪ್ ಕಡತ (ಇದು ಯಾವ ಬಗೆಯ ಕಡತವೆಂದು ಹೇಳುವ ಪುಟ್ಟ ಕಡತ) ಎಲ್ಲಕ್ಕಿಂತ ಮೊದಲು, ಕಂಪ್ರೆಸ್ ಆಗದೆ ಕೂರಬೇಕು. ಸಾಮಾನ್ಯ ಜಿಪ್ ಸಾಧನಗಳು ಇದನ್ನು ಲೆಕ್ಕಿಸುವುದಿಲ್ಲ. ಒಂದರೊಳಗೊಂದು ಸಿಕ್ಕಿಕೊಂಡ ಟ್ಯಾಗ್‌ಗಳನ್ನು ಬಿಡಿಸಿದ ಬಗೆ ಸದ್ಯ ನನ್ನಲ್ಲೇ ಇರಲಿ, ಅದು ನನ್ನ ಹೊಟ್ಟೆಪಾಡು.

ನಾಳೆ ಒಡಿಎಫ್ ಮೇಲೂ ದಾವೆ ಬಿದ್ದರೆ ಎಂದು ಸಂಘದ ಲೆಕ್ಕಪರಿಶೋಧಕರು ಕೇಳಿದರು. ಬೀಳುವುದೇ ಇಲ್ಲವೆಂದು ಯಾರೂ ಬರೆದುಕೊಡಲಾರರು. ಆದರೂ ಅಮೆರಿಕದ ಸನ್ ಕಂಪನಿ 2005ರಲ್ಲೇ ಒಡಿಎಫ್ ವಿಷಯದಲ್ಲಿ ತನ್ನ ಪೇಟೆಂಟ್ ಹಿಡಿದು ದಾವೆ ಹೂಡುವುದಿಲ್ಲವೆಂದು ಘೋಷಿಸಿದ್ದನ್ನೂ, ಒಡಿಎಫ್ ಬಳಸುವ ಓಪನ್ಆಫೀಸ್ ತಂತ್ರಾಂಶ ತಮ್ಮ ಪೇಟೆಂಟನ್ನು ಉಲ್ಲಂಘಿಸಿದಂತಿಲ್ಲವೆಂದು ಐ4ಐಯವರೇ ಹೇಳಿದ್ದನ್ನೂ ತೋರಿಸಿದೆ. ಲೆಕ್ಕಪರಿಶೋಧಕರು ರುಜು ಹಾಕಿದರು. ಮುಂದಿನ ಹಂಗಾಮಿನ ರಸೀದಿಗಳೆಲ್ಲ ಒಡಿಟಿಯಲ್ಲೇ ಮುದ್ರಣವಾದವು.