ಸ್ಕೀ ಕಲಿತ ಕಾಲಿಗೆ ಸ್ನೋಬೋರ್ಡ್ ಪಾಠ

ಜನವರಿ ಬಂತೆಂದರೆ ಉದ್ದನೆಯ ಸ್ಕೀ ಬ್ಯಾಗು ಹೊತ್ತು ದೇವನಹಳ್ಳಿ ವಿಮಾನ ನಿಲ್ದಾಣದ ಕಡೆ ಹೊರಡುವ ಬೆಂಗಳೂರಿಗರು ಈಗ ತೀರಾ ಅಪರೂಪವಲ್ಲ. ಗುಲ್ಮಾರ್ಗ್, ಔಲಿ, ಸೋಲಾಂಗ್‌ಗಳಲ್ಲಿ ಕಲಿತವರಿದ್ದಾರೆ. ಕಂಪನಿ ಕೆಲಸಕ್ಕೆಂದು ಮ್ಯೂನಿಕ್‌ಗೋ ಜ್ಯೂರಿಕ್‌ಗೋ ಹೋಗಿ, ವಾರಾಂತ್ಯಗಳನ್ನೆಲ್ಲ ಆಲ್ಪ್ಸ್‌ನಲ್ಲಿ ಕಳೆದು ಬಂದವರೂ ಇದ್ದಾರೆ. ಇಳಿಜಾರಿನ ಅಂಜಿಕೆ ಹೋದ ಮೇಲೆ ಇವರ ಕಣ್ಣು ಪಕ್ಕದಲ್ಲಿ ಒಂದೇ ಹಲಗೆಯ ಮೇಲೆ ಅಡ್ಡಡ್ಡ ನಿಂತು ತೇಲಿಹೋಗುವವರ ಮೇಲೆ ಬೀಳುತ್ತದೆ. ಇಷ್ಟು ವರ್ಷ ಸ್ಕೀ ಮಾಡಿದ್ದೇನೆ, ಇದೇನು ಮಹಾ ಅನ್ನಿಸುತ್ತದೆ. ಈ ಲೇಖನ ಅಂಥವರಿಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಸ್ಕೀ ಅನುಭವ ಖಂಡಿತ ಕೈಹಿಡಿಯುತ್ತದೆ, ಆದರೆ ಮೊದಲ ದಿನ ಅಲ್ಲ. ಹಿಮ ಎಲ್ಲಿ ಗಟ್ಟಿ, ಎಲ್ಲಿ ಮೆದು, ಇಳಿಜಾರು ಯಾವ ಕಡೆಗೆ ವಾಲಿದೆ, ಎದುರಿಗೆ ಬರುವವನು ಎತ್ತ ತಿರುಗುತ್ತಾನೆ ಎಂಬುದೆಲ್ಲ ನಿಮ್ಮ ಕಣ್ಣಿಗೆ ಗೊತ್ತು. ಕಾಲಿಗೆ ಮಾತ್ರ ಏನೂ ಗೊತ್ತಿಲ್ಲ. ಪೂರಾ ಹೊಸಬರಾದರೆ ಭಯಕ್ಕೇ ನಿಧಾನವಾಗಿ ಹೋಗುತ್ತಾರೆ. ನಿಮಗೆ ವೇಗದ ಭಯ ಹೋಗಿದೆ, ಬ್ರೇಕು ಇನ್ನೂ ಬಂದಿಲ್ಲ. ಅಪಾಯ ಇರುವುದು ಇಲ್ಲೇ.

ಸ್ನೋಬೋರ್ಡ್ ಹುಟ್ಟಿದ್ದು ಸ್ಕೀಗಳಿಂದಲೇ ಎಂಬುದು ತಮಾಷೆಯ ಸಂಗತಿ. 1965ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಶೆರ್ಮನ್ ಪಾಪನ್ ಎಂಬವರು ಹೆಣ್ಣುಮಕ್ಕಳ ಆಟಕ್ಕೆಂದು ಎರಡು ಸ್ಕೀಗಳನ್ನು ಜೋಡಿಸಿ ಹಲಗೆ ಮಾಡಿಕೊಟ್ಟರು. ಆ ಆಟಿಕೆಯ ವಂಶ ಬೆಳೆದು 1998ರ ನಾಗಾನೊ ಒಲಿಂಪಿಕ್ಸ್‌ಗೆ ತಲುಪಿತು. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಂತೂ ಜೆಕ್ ದೇಶದ ಎಸ್ತರ್ ಲೆಡೆಕಾ ಸ್ಕೀಯಿಂಗ್‌ನ ಸೂಪರ್-ಜಿ ಸ್ಪರ್ಧೆಯನ್ನು ಸೆಕೆಂಡಿನ ನೂರನೇ ಒಂದು ಭಾಗದ ಅಂತರದಲ್ಲಿ ಗೆದ್ದು, ಒಂದು ವಾರ ಕಳೆದು ಸ್ನೋಬೋರ್ಡ್‌ನಲ್ಲೂ ಚಿನ್ನ ಗೆದ್ದರು. ಎರಡೂ ಒಂದೇ ಮೈಗೆ ಒಗ್ಗುತ್ತವೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಆದರೆ ಆಕೆ ಚಿಕ್ಕಂದಿನಿಂದಲೇ ಎರಡನ್ನೂ ಕಲಿತವರು. ನಲವತ್ತರ ಹೊಸ್ತಿಲಲ್ಲಿ ಬೋರ್ಡ್ ಹತ್ತುವ ನಮ್ಮ ನಿಮ್ಮ ಲೆಕ್ಕ ಬೇರೆ.

ಬೆಂಗಳೂರಿನಲ್ಲೇ ಮುಗಿಸಿಕೊಳ್ಳಬೇಕಾದ್ದು

ಯಾವ ಕಾಲು ಮುಂದೆ ಇರಬೇಕು ಎಂಬುದನ್ನು ಹೊರಡುವ ಮೊದಲೇ ತಿಳಿದುಕೊಳ್ಳಿ. ಎಡಗಾಲು ಮುಂದಿಟ್ಟು ನಿಲ್ಲುವವರು ರೆಗ್ಯುಲರ್, ಬಲಗಾಲು ಮುಂದಿಡುವವರು ಗೂಫಿ. ಇದರಲ್ಲಿ ಮೇಲು ಕೀಳಿಲ್ಲ. ಸಾಕ್ಸ್ ಹಾಕಿಕೊಂಡು ಹಾಲ್‌ನ ನುಣುಪು ನೆಲದ ಮೇಲೆ ನಾಲ್ಕು ಹೆಜ್ಜೆ ಓಡಿ ಜಾರಿ ನೋಡಿ. ಯೋಚಿಸದೆ ಯಾವ ಕಾಲು ಮುಂದೆ ಬರುತ್ತದೋ ಅದೇ ನಿಮ್ಮ ಮುಂಗಡೆಯ ಕಾಲು. ಅನುಮಾನ ಉಳಿದರೆ, ಮನೆಯವರು ಯಾರಾದರೂ ನಿಮಗೆ ಹೇಳದೆ ಹಿಂದಿನಿಂದ ಮೆತ್ತಗೆ ತಳ್ಳಲಿ. ಬೀಳದಿರಲು ಮೊದಲು ಎತ್ತಿಡುವ ಕಾಲೇ ಉತ್ತರ.

ಎರಡನೆಯದು ಅಡ್ಡ ನಿಲುವು. ಸ್ಕೀಯಲ್ಲಿ ಎದೆ ಕಣಿವೆಗೆ ಮುಖ ಮಾಡಿರುತ್ತದೆ, ಬೋರ್ಡ್‌ನಲ್ಲಿ ಭುಜ. ಇದಕ್ಕೆ ನಮ್ಮ ಮೆಟ್ರೊ ಒಳ್ಳೆಯ ಗರಡಿ. ರೈಲು ಹೋಗುವ ದಿಕ್ಕಿಗೆ ಒಂದು ಭುಜ ಮಾಡಿ, ಕಾಲುಗಳನ್ನು ಭುಜದಗಲ ಇಟ್ಟು, ಮಂಡಿ ಸಡಿಲಿಸಿ ನಿಲ್ಲಿ. ಕೈ ಕಂಬದ ಹತ್ತಿರವಿರಲಿ, ಹಿಡಿಯಬೇಡಿ. ರೈಲು ಹೊರಡುವಾಗ, ಬ್ರೇಕು ಹಾಕುವಾಗ ಭಾರ ಒಂದು ಪಾದದಿಂದ ಇನ್ನೊಂದಕ್ಕೆ ಹರಿಯುವುದು ಸೊಂಟಕ್ಕೆ ತಿಳಿಯುತ್ತದೆ. ಮೆಜೆಸ್ಟಿಕ್‌ನ ನೂಕುನುಗ್ಗಲಿನಲ್ಲಿ ಈ ಸಾಹಸ ಬೇಡ, ಭಾನುವಾರ ಬೆಳಿಗ್ಗೆ ಸಾಕು.

ಅಪಾರ್ಟ್‌ಮೆಂಟಿನ ಮೆಟ್ಟಿಲ ಅಂಚಿನಲ್ಲಿ ಪಾದದ ಮುಂಭಾಗವನ್ನಷ್ಟೇ ಊರಿ ಹಿಮ್ಮಡಿ ಏರಿಸಿ ಇಳಿಸುವ ವ್ಯಾಯಾಮ ತಪ್ಪಿಸಬೇಡಿ. ಸ್ಕೀ ಮಾಡುವವರ ತೊಡೆ ಗಟ್ಟಿಯಿರುತ್ತದೆ. ಬೋರ್ಡ್ ಹೊಸದಾಗಿ ಕೆಲಸ ಕೊಡುವುದು ಮೀನಖಂಡಕ್ಕೆ, ಕಣಕಾಲಿಗೆ. ಒಂದಿಷ್ಟು ದಂಡವನ್ನೂ ಹೊಡೆಯಿರಿ. ಮೊದಲ ದಿನದ ಅರ್ಧ ಶ್ರಮ ಬಿದ್ದಲ್ಲಿಂದ ಏಳುವುದರಲ್ಲೇ ಹೋಗುತ್ತದೆ. ಸ್ಕೇಟ್‌ಬೋರ್ಡ್ ಹತ್ತಿದ ಅಭ್ಯಾಸವಿದ್ದರೆ ನಿಲುವಿನ ಮಟ್ಟಿಗೆ ಲಾಭ.

ಫನ್ ವರ್ಲ್ಡ್ ಪಕ್ಕದ ಸ್ನೋ ಸಿಟಿಯಲ್ಲಿ ಕಲಿಯಬಹುದೇ ಎಂದು ಕೇಳುವವರಿದ್ದಾರೆ. ಅದು ಮಕ್ಕಳನ್ನು ಕರೆದುಕೊಂಡು ಹೋಗಿ ಹಿಮದಲ್ಲಿ ಆಡಿ ಬರುವ ಜಾಗ. ಕಲಿಕೆಗೆ ಬೇಕಾದ ಉದ್ದನೆಯ ಇಳಿಜಾರು ಬೇರೆ ಮಾತು.

ಬಟ್ಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಸ್ಕೀ ಜಾಕೆಟ್ಟು, ಕನ್ನಡಕ, ಹೆಲ್ಮೆಟ್ಟು ಅವೇ ಸಾಕು. ಹೊಸದಾಗಿ ಎರಡು ಬೇಕು. ಮಣಿಕಟ್ಟಿಗೆ ರಿಸ್ಟ್ ಗಾರ್ಡ್, ಕುಂಡಿಗೆ ಮೆತ್ತೆಯಿರುವ ಚಡ್ಡಿ. ಸ್ಕೀ ಮಾಡುವವರಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಮಂಡಿಗೆ, ಹೊಸ ಸ್ನೋಬೋರ್ಡರ್‌ಗೆ ಮಣಿಕಟ್ಟಿಗೆ. ಬೀಳುವಾಗ ಅಂಗೈ ಊರುವುದು ಮನುಷ್ಯನ ಹುಟ್ಟುಗುಣ, ಮುರಿಯುವುದೂ ಅದರಿಂದಲೇ.

ಬಾಡಿಗೆ ಅಂಗಡಿಯಲ್ಲಿ

ಬೋರ್ಡನ್ನು ನಿಲ್ಲಿಸಿದರೆ ಗದ್ದಕ್ಕೂ ಮೂಗಿಗೂ ನಡುವೆ ಬರಬೇಕು ಎನ್ನುವುದು ರೂಢಿಯ ಅಳತೆ. ಅದಕ್ಕಿಂತ ನಿಮ್ಮ ತೂಕ ಮುಖ್ಯ, ಅದನ್ನು ಮುಚ್ಚಿಡದೆ ಹೇಳಿ. ಕಲಿಯುವವರಿಗೆ ತುಸು ಗಿಡ್ಡ, ತುಸು ಮೆದು ಬೋರ್ಡ್ ವಾಸಿ. ಬೂಟು ಹಾಕಿಕೊಂಡಾಗ ಮನಸ್ಸು ಹಗುರಾಗುತ್ತದೆ. ಸ್ಕೀ ಬೂಟಿನ ಪ್ಲಾಸ್ಟಿಕ್ ಸೆರೆವಾಸ ಇಲ್ಲ, ಆರಾಮಾಗಿ ನಡೆದು ಹೋಗಿ ಕಾವಾ ಕುಡಿದು ಬರಬಹುದು. ಮೆದು ಎಂದು ಸಡಿಲ ಬೂಟು ಒಪ್ಪಿಕೊಳ್ಳಬೇಡಿ. ಮಂಡಿ ಮುಂದೆ ಬಾಗಿಸಿದಾಗ ಹಿಮ್ಮಡಿ ಒಳಗೇ ಮೇಲೆದ್ದರೆ ಅದು ನಿಮ್ಮ ಅಳತೆಯಲ್ಲ.

ಬೂಟನ್ನು ಬೋರ್ಡ್‌ಗೆ ಬಿಗಿಯುವ ಬೈಂಡಿಂಗ್‌ನ ಕೋನವನ್ನು ನೋಡದೆ ಹೊರಬೀಳಬೇಡಿ. ಹಿಂದಿನ ಗಿರಾಕಿಯ ಕೋನ ಹಾಗೇ ಉಳಿದಿರಬಹುದು, ಅವರು ಗೂಫಿಯೂ ಆಗಿರಬಹುದು. ಮುಂದಿನ ಪಾದ ಬೋರ್ಡ್‌ನ ಮೂತಿಯ ಕಡೆಗೆ ಸುಮಾರು 15 ಡಿಗ್ರಿ, ಹಿಂದಿನ ಪಾದ ಬಾಲದ ಕಡೆಗೆ 6ರಿಂದ 15 ಡಿಗ್ರಿ ತಿರುಗಿದ್ದರೆ ಶುರುವಿಗೆ ಚೆನ್ನ. ಇನ್ನೊಂದು ವ್ಯತ್ಯಾಸ ನೆನಪಿರಲಿ. ಜೋರಾಗಿ ಬಿದ್ದರೆ ಸ್ಕೀ ತಾನೇ ಕಳಚಿಕೊಳ್ಳುತ್ತದೆ, ಬೋರ್ಡ್ ಕಳಚಿಕೊಳ್ಳುವುದಿಲ್ಲ. ಪಟ್ಟಿ ಬಿಚ್ಚುವ ತನಕ ಅದು ನಿಮ್ಮ ಕಾಲಲ್ಲೇ.

ಮೊದಲ ಗಂಟೆ: ಒಂದೇ ಕಾಲು

ಸಮತಟ್ಟು ಜಾಗದಲ್ಲಿ ಮುಂದಿನ ಕಾಲನ್ನಷ್ಟೇ ಬಿಗಿದು, ಹಿಂದಿನ ಕಾಲಿನಿಂದ ಹಿಮ ಒದ್ದು ಸಾಗಿ. ಬೇಜಾರಿನ ಕೆಲಸ, ಆದರೆ ಎಳೆ ಲಿಫ್ಟ್‌ಗೂ ಕುರ್ಚಿ ಲಿಫ್ಟ್‌ಗೂ ಇದೇ ಬೇಕು. ಎರಡರಲ್ಲೂ ಬೋರ್ಡ್ ಒಂದು ಕಾಲಲ್ಲಿರುತ್ತದೆ, ಇಳಿಯುವಾಗ ಬಿಡುಗಾಲನ್ನು ಎರಡು ಬೈಂಡಿಂಗ್‌ಗಳ ನಡುವಿನ ಒರಟು ಪಟ್ಟಿಯ ಮೇಲಿಟ್ಟು ಜಾರಿಕೊಂಡು ಬರಬೇಕು. ಸ್ಕೀಯಲ್ಲಿ ಕೋಲಿನಿಂದ ತಳ್ಳಿಕೊಂಡು ದಾಟುತ್ತಿದ್ದ ಸಮತಟ್ಟು ದಾರಿಯನ್ನು ಇನ್ನು ಹೀಗೇ ಒದ್ದು ದಾಟಬೇಕು. ಕೋಲಿಲ್ಲದ ಕೈ ಮೊದಮೊದಲು ಏನು ಮಾಡುವುದೆಂದು ತಿಳಿಯದೆ ಗಾಳಿಯಲ್ಲಿ ಆಡುತ್ತದೆ. ಅದನ್ನು ಬೋರ್ಡ್‌ನ ಮೂತಿ, ಬಾಲಗಳ ಮೇಲೆ ಸಡಿಲವಾಗಿ ಚಾಚಿಡಿ.

ಹಿಂದಿನ ಕಾಲು ಬಿಗಿಯುವ ಮುನ್ನ ಬೂಟಿನ ತಳಕ್ಕೆ ಅಂಟಿದ ಹಿಮವನ್ನು ಬೈಂಡಿಂಗ್‌ನ ಅಂಚಿಗೆ ಉಜ್ಜಿ ಕೆರೆಯಿರಿ. ಕೈಗವಸಿನ ಬೆರಳಲ್ಲಿ ಪಟ್ಟಿಯ ಹಲ್ಲನ್ನು ಕೊಂಡಿಗೆ ತೂರಿಸಿ ಎಷ್ಟೇ ಬಿಗಿದರೂ ಹಿಮ್ಮಡಿ ಅಲ್ಲಾಡುತ್ತಿದ್ದರೆ, ಅಡಿಯಲ್ಲಿ ಬೆರಳ ದಪ್ಪದ ಮಂಜುಗಡ್ಡೆ ಕೂತಿರುತ್ತದೆ. ಪಟ್ಟಿಯನ್ನು ಬೈದು ಪ್ರಯೋಜನವಿಲ್ಲ.

ಅಂಚಿನ ಲೆಕ್ಕ

ಇಡೀ ಕಲಿಕೆಯ ಹೃದಯ ಇದು, ಆತುರ ಬೇಡ. ಬೋರ್ಡ್‌ಗೆ ಕೆಲಸ ಮಾಡುವ ಅಂಚುಗಳು ಎರಡೇ. ಹಿಮ್ಮಡಿಯ ಕಡೆಯದು ಹೀಲ್‌ಸೈಡ್, ತುದಿಗಾಲ ಕಡೆಯದು ಟೋಸೈಡ್.

ಹಿಮ್ಮಡಿ ಅಂಚಿನಿಂದ ಶುರುಮಾಡಿ. ಕಣಿವೆಗೆ ಮುಖ ಮಾಡಿ, ಬೋರ್ಡ್ ಇಳಿಜಾರಿಗೆ ಪೂರ್ತಿ ಅಡ್ಡವಾಗಿರಲಿ. ಮಂಡಿ ಮಡಿಸಿ ಕುಕ್ಕುರುಗಾಲಿಗೆ ಅರ್ಧ ಇಳಿಯಿರಿ, ಬೆನ್ನು ನೆಟ್ಟಗಿರಲಿ. ಮೀನಖಂಡ ಬೈಂಡಿಂಗ್‌ನ ಹಿಂದಿನ ಆನಿಕೆಗೆ ಒತ್ತಬೇಕು. ಈಗ ಕಾಲ್ಬೆರಳುಗಳನ್ನು ಕೂದಲೆಳೆಯಷ್ಟು ಇಳಿಸಿದರೆ ಬೋರ್ಡ್ ಜಾರುತ್ತದೆ, ಎತ್ತಿದರೆ ನಿಲ್ಲುತ್ತದೆ. ಸ್ಕೀಯಲ್ಲಿ ಅಡ್ಡ ಜಾರುವುದು ನಿಮಗೆ ಗೊತ್ತೇ ಇದೆ, ಇದೂ ಅದೇ.

ತುದಿಗಾಲ ಅಂಚಿಗೆ ಬೆಟ್ಟದ ಕಡೆ ಮುಖ, ಕಣಿವೆಗೆ ಬೆನ್ನು. ಸ್ಕೀ ಬಲ್ಲವರು ತಪ್ಪಿಸಿಕೊಳ್ಳುವುದು ಇಲ್ಲೇ. ಹೋಗುವ ದಾರಿಗೆ ಬೆನ್ನು ಮಾಡಿ ಅವರಿಗೆ ಅಭ್ಯಾಸವಿಲ್ಲ, ಹಾಗಾಗಿ ಹಿಮ್ಮಡಿ ಅಂಚಿನಲ್ಲೇ ಎರಡು ದಿನ ಕಳೆದುಬಿಡುತ್ತಾರೆ. ಹಾಗೆ ಮಾಡಬೇಡಿ, ಮೊದಲ ಬೆಳಿಗ್ಗೆಯೇ ಎರಡಕ್ಕೂ ಸಮಪಾಲು ಕೊಡಿ. ನಿಜ ಹೇಳಬೇಕೆಂದರೆ ನಿಮ್ಮ ಹಳೆಯ ವಿದ್ಯೆ ಕೆಲಸಕ್ಕೆ ಬರುವ ಮೊದಲ ಜಾಗವೂ ಇದೇ. ಮೊಣಕಾಲ ಕೆಳಗಿನ ಎಲುಬನ್ನು ಬೂಟಿನ ನಾಲಿಗೆಗೆ ಒತ್ತು ಎಂದು ಸ್ಕೀ ಗುರುಗಳು ಹೇಳುತ್ತಿದ್ದರಲ್ಲ, ಇಲ್ಲೂ ಅದೇ ಒತ್ತು. ಸೊಂಟ ಬೆಟ್ಟದ ಕಡೆ ಮುಂದೆ ಬರಲಿ, ಹಿಂದಕ್ಕೆ ಚಾಚಿಕೊಳ್ಳದಿರಲಿ. ಬಿದ್ದ ಮೇಲೆ ಏಳುವುದಕ್ಕೂ ಈ ಕಡೆಯೇ ಸುಲಭ. ಹೊರಳಿ ಮಂಡಿಯೂರಿ, ಮುಷ್ಟಿಯೂರಿ ಎದ್ದರಾಯಿತು.

ಅಂಚು ಸಿಕ್ಕಿಕೊಳ್ಳುವುದು ಎಂದರೇನೆಂದು ಮೊದಲೇ ಅರ್ಥವಾದರೆ ಎಷ್ಟೋ ಪೆಟ್ಟು ತಪ್ಪುತ್ತದೆ. ಬೋರ್ಡ್ ಅಡ್ಡವಾಗಿ ಜಾರುತ್ತಿರುವಾಗ ಮೇಲಿನ ಅಂಚು ಹಿಮದಲ್ಲಿ, ಕೆಳಗಿನ ಅಂಚು ಗಾಳಿಯಲ್ಲಿ ಇರಬೇಕು. ಒಂದು ಕ್ಷಣ ಮೈಮರೆತು ಬೋರ್ಡನ್ನು ಚಪ್ಪಟೆ ಬಿಟ್ಟರೆ ಕೆಳಗಿನ ಅಂಚು ಹಿಮಕ್ಕೆ ಕಚ್ಚುತ್ತದೆ. ಬೋರ್ಡ್ ಗಕ್ಕನೆ ನಿಲ್ಲುತ್ತದೆ, ಮೈ ನಿಲ್ಲುವುದಿಲ್ಲ. ಕಾಲಡಿಯ ಚಾಪೆ ಎಳೆದ ಹಾಗೆ ಕಣಿವೆಯ ಕಡೆಗೆ ದೊಪ್ಪನೆ ಬೀಳುತ್ತೀರಿ. ಸ್ಕೀಯಲ್ಲಿ ಒಂದು ಕಾಲು ತಪ್ಪಿದರೆ ಇನ್ನೊಂದು ಕಾಲು ಕಾಪಾಡುತ್ತದೆ, ಇಲ್ಲಿ ಎರಡನೇ ಕಾಲು ಮೊದಲನೆಯದರ ಜೊತೆಗೇ ಹೋಗುತ್ತದೆ. ಅದೂ ಗಟ್ಟಿ ಹಿಮದ ಸಪಾಟು ಜಾಗದಲ್ಲಿ, ಅಪಾಯವೇನಿಲ್ಲ ಅನ್ನಿಸುವಲ್ಲೇ ಹೆಚ್ಚು. ಹಾಗಾಗಿ ಬೋರ್ಡ್ ಅಡ್ಡವಿದ್ದಷ್ಟು ಹೊತ್ತೂ ಯಾವುದಾದರೊಂದು ಅಂಚಿನ ಮೇಲೆ ಇರಿ.

ಬೀಳುವುದನ್ನೂ ಕಲಿಯಬೇಕು. ಮುಂದಕ್ಕಾದರೆ ಮುಷ್ಟಿ ಕಟ್ಟಿ, ಮುಂಗೈ ಪೂರ್ತಿ ಊರಿ ಎದೆಯ ಮೇಲೆ ಜಾರಿ. ಹಿಂದಕ್ಕಾದರೆ ಮೈ ಕುಗ್ಗಿಸಿ ಕುಂಡಿಯ ಮೇಲೆ ಕೂತು ಬೆನ್ನ ಮೇಲೆ ಹೊರಳಿ, ಗದ್ದ ಎದೆಗೆ ಒತ್ತಿರಲಿ. ತಲೆಯ ಹಿಂಭಾಗ ನೆಲಕ್ಕೆ ಬಡಿಯಬಾರದು.

ತರಗೆಲೆಯಿಂದ ತಿರುವಿಗೆ

ಒಂದೇ ಅಂಚಿನ ಮೇಲೆ ಎಡಕ್ಕೆ ಓರೆಯಾಗಿ ಹೋಗಿ ನಿಂತು, ಮತ್ತೆ ಬಲಕ್ಕೆ ಓರೆಯಾಗಿ ಬರುವುದಕ್ಕೆ ಫಾಲಿಂಗ್ ಲೀಫ್ ಅಭ್ಯಾಸ ಎನ್ನುತ್ತಾರೆ, ತರಗೆಲೆ ಬೀಳುವ ದಾರಿ. ಹೋಗಬೇಕಾದ ಕಡೆಯ ಪಾದಕ್ಕೆ ಭಾರ ಕೊಟ್ಟು, ಆ ಕಡೆಗೇ ನೋಡಿ. ಎರಡೂ ಅಂಚಿನಲ್ಲಿ ಇದು ಸಲೀಸಾಗುವ ತನಕ ತಿರುವಿನ ಆಸೆ ಬೇಡ.

ಆಮೇಲೆ ಅರ್ಧ ತಿರುವು. ನೀರು ಸುರಿದರೆ ಹರಿಯುವ ದಾರಿಗೆ ಬೋರ್ಡ್‌ನ ಮೂತಿ ಮಾಡಿ, ಸ್ವಲ್ಪ ದೂರ ನೇರ ಜಾರಿ, ಒಂದು ಅಂಚಿಗೆ ಒರಗಿ ನಿಲ್ಲಿ. ಎರಡೂ ಕಡೆಗೆ ಬಂದ ಮೇಲೆ ಅವನ್ನು ಜೋಡಿಸಿದರೆ ಪೂರ್ಣ ತಿರುವು. ನೇರ ಇಳಿಯುವ ಆ ಒಂದು ಗಳಿಗೆಯಲ್ಲಿ ಮೈ ಹಿಂದಕ್ಕೆ ವಾಲುತ್ತದೆ. ವಾಲಿದರೆ ಮೂತಿ ಹಗುರಾಗಿ ತಿರುಗುವುದೇ ಇಲ್ಲ, ಆಗ ಹಿಂಗಾಲಿನಿಂದ ಬಾಲವನ್ನು ಒದ್ದು ತಿರುಗಿಸುವ ಚಟ ಅಂಟುತ್ತದೆ. ಸ್ಕೀ ತಿರುವಿಗೆ ಹೊರಗಿನ ಕಾಲಿಗೆ ಭಾರ, ಬೋರ್ಡ್ ತಿರುವಿಗೆ ಮುಂದಿನ ಕಾಲಿಗೆ. ಭಾರ ಮುಂದೆ, ಕಣ್ಣು ಹೋಗುವ ಕಡೆ, ಭುಜ ಬೋರ್ಡ್‌ಗೆ ಸಮಾನಾಂತರ, ಕೊನೆಗೆ ಮುಂದಿನ ಮಂಡಿ ತಿರುವಿನ ಒಳಗೆ. ಎದೆಯನ್ನು ಕಣಿವೆಗೆ ತಿರುಗಿಸುವ ಹಳೆಯ ಅಭ್ಯಾಸ ಮರಳಿ ಮರಳಿ ಬರುತ್ತದೆ; ಹಿಂದಿನ ಕೈ ಮುಂದೆ ಬಂದಿದೆಯೇ ಎಂದು ನೋಡಿಕೊಂಡರೆ ಸಿಕ್ಕಿಬೀಳುತ್ತದೆ.

ಹಿಮದ ಪರಿಚಯ ಇರುವವರಿಗೆ ಎರಡು ಮೂರು ದಿನಗಳಲ್ಲಿ ತಿರುವುಗಳು ಕೂಡಿಕೊಳ್ಳುತ್ತವೆ. ಆಗ ನಿಮ್ಮ ಸ್ಕೀ ಕಣ್ಣು ನಿಜವಾಗಿ ಲಾಭ ಕೊಡುತ್ತದೆ, ಹೊಸಬರನ್ನು ಬೇಗ ಹಿಂದೆ ಹಾಕುತ್ತೀರಿ. ಅಲ್ಲಿಯ ತನಕ ಮಕ್ಕಳ ಇಳಿಜಾರಿನಲ್ಲಿ ಮಕ್ಕಳ ಜೊತೆಗೇ ಇರಿ. ಗುರುವಿಲ್ಲದೆ ಸ್ನೇಹಿತರ ಹತ್ತಿರ ಕಲಿಯುವುದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲ ದಿನದ ಅರ್ಧ ದಿನಕ್ಕಾದರೂ ಸ್ನೋಬೋರ್ಡ್ ಕಲಿಸುವವರನ್ನೇ ಗೊತ್ತುಮಾಡಿ, ಸ್ಕೀ ಗುರುಗಳನ್ನಲ್ಲ.

ದಾರಿ ಮತ್ತು ಮರ್ಯಾದೆ

ಕೆಳಗಿರುವವರಿಗೇ ಮೊದಲ ಹಕ್ಕು ಎಂಬ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ (ಎಫ್‌ಐಎಸ್) ನಿಯಮ ಬೋರ್ಡ್‌ಗೂ ಅನ್ವಯ. ಹಿಮ್ಮಡಿ ಅಂಚಿನಲ್ಲಿ ತಿರುಗುವಾಗ ನಿಮ್ಮ ಬೆನ್ನ ಹಿಂದೆ ಏನೂ ಕಾಣುವುದಿಲ್ಲ, ಹಾಗಾಗಿ ತಿರುಗುವ ಮುನ್ನ ಭುಜದ ಮೇಲಿಂದ ಒಮ್ಮೆ ನೋಡಿ. ಪಟ್ಟಿ ಬಿಗಿಯಲು ದಾರಿ ನಡುವೆ, ಅದರಲ್ಲೂ ಉಬ್ಬಿನ ಕೆಳಗೆ ಕೂರಬೇಡಿ. ಸ್ಕೀ ಮಾಡುವಾಗ ಹಾಗೆ ಕೂತವರನ್ನು ನೀವೇ ಬೈದಿರುತ್ತೀರಿ.

ಗುಲ್ಮಾರ್ಗ್‌ಗೆ ಹೋಗುವವರು ಶ್ರೀನಗರದಿಂದ ತಂಗಮರ್ಗ್ ಮಾರ್ಗವಾಗಿ ಸುಮಾರು 50 ಕಿ.ಮೀ. ಏರಬೇಕು. ಹಿಮ ಬಿದ್ದ ದಿನ ತಂಗಮರ್ಗ್‌ನಿಂದ ಮೇಲಕ್ಕೆ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಯೇ ಗತಿ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ 920 ಮೀಟರ್ ಎತ್ತರದಲ್ಲಿ, ಗುಲ್ಮಾರ್ಗ್ ಸುಮಾರು 2,650ರಲ್ಲಿ. ಹೋದ ದಿನವೇ ಹಿಮಕ್ಕಿಳಿಯದೆ ಒಂದು ರಾತ್ರಿ ಮಲಗಿ ಶುರುಮಾಡಿ. ಕಲಿಕೆಗೆ ಕೆಳಗಿನ ಸಣ್ಣ ಇಳಿಜಾರುಗಳು ಸಾಕು. ತಿರುವುಗಳು ಕೂಡಿಕೊಂಡ ಮೇಲೆ ಗೊಂಡೋಲಾ ಎಂಬ ಕೇಬಲ್ ಕಾರಿನ ಮೊದಲ ಹಂತದಲ್ಲಿ ಕೊಂಗ್ಡೂರಿಗೆ ಹೋಗಬಹುದು, ಟಿಕೆಟ್ ಮುಂಚಿತವಾಗಿ ಆನ್‌ಲೈನ್‌ನಲ್ಲೇ ತೆಗೆದುಕೊಳ್ಳಿ. ಸುಮಾರು 3,950 ಮೀಟರ್ ಎತ್ತರದ ಅಫರ್ವಾತ್‌ಗೆ ಏರುವ ಎರಡನೇ ಹಂತದಿಂದ ಸ್ಕೀ ಮೇಲೆ ಎಷ್ಟು ಸಲ ಇಳಿದಿದ್ದರೂ, ಬೋರ್ಡ್‌ನ ಮೊದಲ ಪ್ರವಾಸದಲ್ಲಿ ಅದನ್ನು ಬಿಟ್ಟುಬಿಡಿ. ಅಲ್ಲಿ ಹದಮಾಡಿದ ದಾರಿ ಮುಗಿದು ಹಿಮಕುಸಿತದ ಸೀಮೆ ಶುರುವಾಗುತ್ತದೆ. ಹಿಮದಡಿ ಸಿಕ್ಕವರನ್ನು ಪತ್ತೆಹಚ್ಚುವ ಟ್ರಾನ್ಸೀವರ್, ಹಿಮಕ್ಕೆ ಚುಚ್ಚಿ ಹುಡುಕುವ ಪ್ರೋಬ್ ಕೋಲು, ಸಲಿಕೆ, ಸ್ಥಳೀಯ ಗೈಡ್ ಈ ನಾಲ್ಕೂ ಇಲ್ಲದೆ ಆ ಕಡೆ ಹೋಗುವಂತಿಲ್ಲ.